ಕಾರ್ಖಾನೆ ಈ ತಿಂಗಳು ಎಷ್ಟು ಓಡಿತು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಐಐಪಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಐಐಪಿ ಅಂದರೆ ಕೈಗಾರಿಕಾ ಉತ್ಪಾದನಾ ಸೂಚ್ಯಂಕ. ದೇಶದ ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ, ವಿದ್ಯುತ್ ಸ್ಥಾವರಗಳಲ್ಲಿ ಒಂದು ತಿಂಗಳು ಎಷ್ಟು ಉತ್ಪಾದನೆ ಆಯಿತು ಅನ್ನುವ ಲೆಕ್ಕ. ಅದಕ್ಕೆ ಬಂದ ಪತ್ರಗಳನ್ನು ಓದುತ್ತಾ ಕೂತಾಗ, ಇದು ಎಷ್ಟೊಂದು ಜನರ ಹೊಟ್ಟೆಪಾಡಿಗೆ ತಾಗುವ ವಿಷಯ ಅಂತ ಮತ್ತೆ ಅನಿಸಿತು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೂರು ಲೇತ್, ಒಂದು ಮಿಲ್ಲಿಂಗ್ ಮೆಷಿನ್, ಐದು ಜನ ಹುಡುಗರು. ಮೂರು ತಿಂಗಳಿಂದ ಜಾಬ್ ವರ್ಕ್ ಅರ್ಧಕ್ಕೆ ಇಳಿದಿದೆ. ಟಿವಿ ಹಾಕಿದರೆ ಕೈಗಾರಿಕಾ ಉತ್ಪಾದನೆ ಏರಿದೆ ಅಂತಾರೆ. ಏರಿದ್ದು ಯಾರದ್ದು ಸರ್? (ಬೆಂಗಳೂರಿನ ಓದುಗರು)

ನೀವು ಹೇಳುತ್ತಿರುವುದೂ ನಿಜ, ಟಿವಿಯವರು ಹೇಳಿದ್ದೂ ನಿಜ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಸಣ್ಣ ಘಟಕದವರು ಕೇಳುವ ಈ ಪ್ರಶ್ನೆಗೆ ಯಾರೂ ನಿಂತು ಉತ್ತರ ಕೊಡುವುದಿಲ್ಲ.

ಈ ಲೆಕ್ಕ ಹಾಕುವುದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ. 2011-12ನ್ನು ಆಧಾರ ವರ್ಷ ಮಾಡಿಕೊಂಡ ಸರಣಿಯನ್ನು ಅವರು 2017ರ ಮೇ ತಿಂಗಳಲ್ಲಿ ಶುರು ಮಾಡಿದರು. ಆ ವರ್ಷದ ಉತ್ಪಾದನೆಯನ್ನು 100 ಅಂತ ಇಟ್ಟುಕೊಂಡು, ಅಲ್ಲಿಂದ ಎಷ್ಟು ಏರಿತು ಎಷ್ಟು ಇಳಿಯಿತು ನೋಡುತ್ತಾರೆ. ಆದರೆ ಎಲ್ಲ ವಸ್ತುವಿಗೂ ಒಂದೇ ತೂಕ ಇಲ್ಲ. ಮನೆ ಬಾಡಿಗೆ ಏರಿದರೆ ತಟ್ಟುವ ಹಾಗೆ ಉಪ್ಪಿನ ಬೆಲೆ ಏರಿದರೆ ತಟ್ಟಲ್ಲ, ಅಲ್ವಾ? ಇಲ್ಲೂ ಹಾಗೇ. ಈ ಸರಣಿಯಲ್ಲಿ 100ಕ್ಕೆ ಗಣಿಗಾರಿಕೆಯ ತೂಕ 14.37, ತಯಾರಿಕೆಯದ್ದು 77.63, ವಿದ್ಯುತ್ತಿನದ್ದು 7.99.

ತಯಾರಿಕೆಯ ಒಳಗೆ ಹೊಕ್ಕು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಉಕ್ಕು ಮತ್ತಿತರ ಮೂಲ ಲೋಹಗಳ ತೂಕವೇ 12.80. ಪೆಟ್ರೋಲ್, ಡೀಸೆಲ್ ತಯಾರಿಸುವ ರಿಫೈನರಿಗಳು ಇರುವ ಗುಂಪಿಗೆ 11.77. ಎರಡೂ ಸೇರಿದರೆ ಇಡೀ ಸೂಚ್ಯಂಕದ ಹತ್ತಿರ ಹತ್ತಿರ ಕಾಲು ಭಾಗ. ನಿಮ್ಮ ವರ್ಕ್‌ಶಾಪ್ ಬರುವ ಲೋಹದ ಬಿಡಿಭಾಗಗಳ ಗುಂಪಿಗೆ ಇರುವುದು 2.65 ಮಾತ್ರ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥವು, ಮಂಗಳೂರಿನ ರಿಫೈನರಿಯಂಥವು ಒಂದು ತಿಂಗಳು ಪೂರ್ತಿ ಓಡಿದವು ಅಂತಿಟ್ಟುಕೊಳ್ಳಿ. ಪೀಣ್ಯದ ಒಂದಿಡೀ ರಸ್ತೆಯಲ್ಲಿ ಶಟರ್ ಎಳೆದಿದ್ದರೂ ಅಂಕಿ ಮೇಲೆ ಹೋಗುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಒಂದು ದೊಡ್ಡ ರಿಫೈನರಿಯನ್ನು ರಿಪೇರಿಗೆ ಅಂತ ಕೆಲವು ವಾರ ನಿಲ್ಲಿಸಿದರೆ, ಉಳಿದವರೆಲ್ಲ ಬೆವರು ಸುರಿಸಿ ದುಡಿದಿದ್ದರೂ ಅಂಕಿ ತಗ್ಗುತ್ತದೆ.

ಇನ್ನರ್ಧ ಉತ್ತರ ಇನ್ನೂ ಮುಖ್ಯ. ಐದು ಜನರ ವರ್ಕ್‌ಶಾಪಿಗೆ ಪ್ರತಿ ತಿಂಗಳು ಬಂದು ಎಷ್ಟು ಪೀಸ್ ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಲೆಕ್ಕ ಬರುವುದು ಆಯ್ದ ಕಾರ್ಖಾನೆಗಳಿಂದ, ಅವುಗಳಲ್ಲಿ ದೊಡ್ಡವೇ ಜಾಸ್ತಿ. ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ಅಂತ ಇನ್ನೊಂದಿದೆ. ಅದು ಕೂಡ ವಿದ್ಯುತ್ ಬಳಸುವ ಕಡೆ 10 ಜನ, ವಿದ್ಯುತ್ ಇಲ್ಲದ ಕಡೆ 20 ಜನ ಕೆಲಸಗಾರರು ಇದ್ದರೆ ಮಾತ್ರ ಒಳಗೆ ಸೇರಿಸಿಕೊಳ್ಳುತ್ತದೆ. ಅದಕ್ಕಿಂತ ಸಣ್ಣವರಿಗೆ ಬೇರೆ ಸಮೀಕ್ಷೆ ಇದೆ, ಆದರೆ ಅದು ಈ ತಿಂಗಳ ಅಂಕಿಯ ಜೊತೆ ಬರುವುದಿಲ್ಲ. ಹಾಗಾಗಿ ಟಿವಿಯಲ್ಲಿ ಬರುವ ಆ ಒಂದು ಶೇಕಡಾ ನೋಡಿ ನಿಮ್ಮ ಧಂದೆಯ ಬಗ್ಗೆ ತೀರ್ಮಾನ ಮಾಡಬೇಡಿ. ಪ್ರಕಟಣೆಯ ಜೊತೆಗೇ ಉದ್ಯಮವಾರು ಪಟ್ಟಿ ಇರುತ್ತದೆ. ಅದರಲ್ಲಿ ಲೋಹದ ಬಿಡಿಭಾಗ, ಯಂತ್ರೋಪಕರಣ, ಮೋಟಾರು ವಾಹನ ಈ ಮೂರು ಸಾಲು ನೋಡಿ. ನಿಮಗೆ ಆರ್ಡರ್ ಕೊಡುವವರು ಹೇಗಿದ್ದಾರೆ ಅನ್ನುವುದು ಅಲ್ಲಿ ಕಾಣುತ್ತದೆ. ಅವರ ಅಂಕಿ ಚೆನ್ನಾಗಿದ್ದೂ ನಿಮಗೆ ಆರ್ಡರ್ ಬರುತ್ತಿಲ್ಲ ಅಂದರೆ ಕೆಲಸ ಬೇರೆ ಕಡೆ ಹೋಗುತ್ತಿದೆ. ಅವರದ್ದೂ ಇಳಿದಿದ್ದರೆ ಇಡೀ ಸಾಲೇ ಮಂದವಾಗಿದೆ. ಈ ಎರಡಕ್ಕೆ ಮದ್ದು ಬೇರೆ ಬೇರೆ.

ಪ್ರಶ್ನೆ: ಪಿಎಂಐ 57 ಬಂದಿದೆ ಅಂತ ಓದಿದೆ. ಅಂದರೆ ಉತ್ಪಾದನೆ ಶೇ 57ರಷ್ಟು ಬೆಳೆದಿದೆ ಅಂತಲೇ? ಮುಂದಿನ ತಿಂಗಳು 55 ಆದರೆ ಇಳಿಯಿತು ಅಂತಲೇ? (ಹುಬ್ಬಳ್ಳಿಯ ಬಿಕಾಂ ವಿದ್ಯಾರ್ಥಿನಿ)

ಎರಡೂ ಅಲ್ಲ ಕಣಮ್ಮ. ಈ ಗೊಂದಲ ದೊಡ್ಡ ದೊಡ್ಡವರಿಗೂ ಇದೆ.

ಐಐಪಿ ಕೇಳುವುದು "ಎಷ್ಟು ಮಾಡಿದಿರಿ?" ಅಂತ. ಪಿಎಂಐ ಕೇಳುವುದು "ಹೋದ ತಿಂಗಳಿಗಿಂತ ಈ ತಿಂಗಳು ಹೇಗೆ?" ಅಂತ. ಪರ್ಚೇಸಿಂಗ್ ಮ್ಯಾನೇಜರ್ಸ್ ಇಂಡೆಕ್ಸ್ ಅಂದರೆ ಕಂಪನಿಗಳಲ್ಲಿ ಸಾಮಾನು ಖರೀದಿಸುವ ಅಧಿಕಾರಿಗಳ ಸೂಚ್ಯಂಕ. ನಮ್ಮ ದೇಶದಲ್ಲಿ ಇದು 2005ರಿಂದ ಇದೆ. ಈಗ ಎಚ್‌ಎಸ್‌ಬಿಸಿ ಹೆಸರಿನಲ್ಲಿ ಬರುತ್ತದೆ, ತಯಾರಿಸುವುದು ಎಸ್ ಅಂಡ್ ಪಿ ಗ್ಲೋಬಲ್. ತಯಾರಿಕಾ ವಲಯದ ಸುಮಾರು 400 ಕಂಪನಿಗಳಿಗೆ ಪ್ರಶ್ನೆ ಕಳಿಸುತ್ತಾರೆ. ಉತ್ತರ ಮೂರೇ: ಹೆಚ್ಚಿದೆ, ಅಷ್ಟೇ ಇದೆ, ಕಡಿಮೆಯಾಗಿದೆ.

ನಿಮ್ಮ ಓಣಿಯಲ್ಲಿ ಹತ್ತು ಅಂಗಡಿ ಇವೆ ಅಂತಿಟ್ಟುಕೊಳ್ಳಿ. ನಾಲ್ವರು ಈ ತಿಂಗಳು ವ್ಯಾಪಾರ ಹೆಚ್ಚಿದೆ ಅಂದರು. ನಾಲ್ವರು ಅಷ್ಟೇ ಇದೆ ಅಂದರು. ಇಬ್ಬರು ಕಡಿಮೆ ಅಂದರು. ಹೆಚ್ಚಿದೆ ಅಂದವರು ಶೇ 40, ಅಷ್ಟೇ ಅಂದವರ ಅರ್ಧ ಶೇ 20. ಎರಡೂ ಕೂಡಿದರೆ 60. ಇದೇ ಆ ಓಣಿಯ ಪಿಎಂಐ. ಎಲ್ಲರೂ ಅಷ್ಟೇ ಇದೆ ಅಂದಿದ್ದರೆ 50 ಬರುತ್ತಿತ್ತು. ಅದಕ್ಕೇ 50 ಗಡಿ. ಅದರ ಮೇಲಿದ್ದರೆ ಏರಿಕೆ ಕಂಡವರು ಜಾಸ್ತಿ, ಕೆಳಗಿದ್ದರೆ ಇಳಿಕೆ ಕಂಡವರು ಜಾಸ್ತಿ.

ಈಗ 57ರಿಂದ 55ಕ್ಕೆ ಬಂದರೆ? ಚಟುವಟಿಕೆ ಇನ್ನೂ ಹೆಚ್ಚುತ್ತಲೇ ಇದೆ, ಆದರೆ ಹೆಚ್ಚಿದೆ ಅಂದವರ ಪಾಲು ಸ್ವಲ್ಪ ತಗ್ಗಿದೆ. ಅಷ್ಟೇ. "ಪಿಎಂಐ ಕುಸಿತ" ಅಂತ ತಲೆಬರಹ ಕಂಡ ಕೂಡಲೇ ಗಾಬರಿ ಬೀಳಬೇಡಿ, ಅಂಕಿ 50ರ ಯಾವ ಕಡೆ ಇದೆ ನೋಡಿ. ಇನ್ನೊಂದು ಮಾತು. ಒಬ್ಬರಿಗೆ ಒಂದೇ ಆರ್ಡರ್ ಜಾಸ್ತಿ ಬಂದಿರಬಹುದು, ಇನ್ನೊಬ್ಬರ ವ್ಯಾಪಾರ ದುಪ್ಪಟ್ಟಾಗಿರಬಹುದು. ಇಬ್ಬರೂ ಬರೆಯುವುದು "ಹೆಚ್ಚಿದೆ" ಅಂತಲೇ. ಎಷ್ಟು ಹೆಚ್ಚಿತು ಅನ್ನುವುದು ಇದರಲ್ಲಿ ಬರುವುದೇ ಇಲ್ಲ.

ತಯಾರಿಕಾ ಪಿಎಂಐ ಒಂದೇ ಪ್ರಶ್ನೆಯಿಂದ ಆಗಿದ್ದಲ್ಲ. ಹೊಸ ಆರ್ಡರ್‌ಗೆ ಶೇ 30, ಉತ್ಪಾದನೆಗೆ 25, ಉದ್ಯೋಗಕ್ಕೆ 20, ಸರಕು ಬಂದು ತಲುಪುವ ಸಮಯಕ್ಕೆ 15, ಕೊಂಡಿಟ್ಟ ಕಚ್ಚಾ ಸಾಮಗ್ರಿಗೆ 10 ಅಂತ ತೂಕ ಕೊಟ್ಟು ಸೇರಿಸುತ್ತಾರೆ. ಇದರಲ್ಲಿ ಸರಕು ತಲುಪುವ ಸಮಯದ್ದು ವಿಚಿತ್ರ. ಸರಕು ತಡವಾಗಿ ಬಂದರೆ ಅದನ್ನು ಒಳ್ಳೆಯ ಸೂಚನೆ ಅಂತ ಲೆಕ್ಕ ಹಾಕುತ್ತಾರೆ! ಬೇಡಿಕೆ ಜಾಸ್ತಿಯಾಗಿ ಸಪ್ಲೈ ಮಾಡುವವರಿಗೆ ಪುರುಸೊತ್ತಿಲ್ಲ ಅನ್ನುವುದು ಅದರ ಹಿಂದಿನ ಯೋಚನೆ. ಮಾಮೂಲಿ ದಿನಗಳಲ್ಲಿ ಇದು ಸರಿ. 2020ರ ಲಾಕ್‌ಡೌನಿನಲ್ಲಿ ಮಾತ್ರ ಲಾರಿಗಳು ದಾರಿಯಲ್ಲೇ ನಿಂತು ಸರಕು ತಡವಾಯಿತು. ಆ ತಡವೂ ಸೂಚ್ಯಂಕವನ್ನು ಮೇಲಕ್ಕೇ ಎತ್ತಿತು. ಅಷ್ಟಾದರೂ 2020ರ ಮಾರ್ಚಿನಲ್ಲಿ 51.8 ಇದ್ದದ್ದು ಏಪ್ರಿಲ್‌ನಲ್ಲಿ 27.4ಕ್ಕೆ ಬಿತ್ತು.

ಪ್ರಶ್ನೆ: ನಮ್ಮ ಐಟಿ ಕಂಪನಿಗಳ ಕೆಲಸ ಐಐಪಿಯಲ್ಲಿ ಎಲ್ಲಿ ಬರುತ್ತದೆ? (ವೈಟ್‌ಫೀಲ್ಡ್‌ನ ಓದುಗರು)

ಎಲ್ಲೂ ಬರುವುದಿಲ್ಲ. ಸಾಫ್ಟ್‌ವೇರ್, ಹೋಟೆಲ್, ಸಾರಿಗೆ, ಬ್ಯಾಂಕು ಯಾವುದೂ ಐಐಪಿಯಲ್ಲಿ ಇಲ್ಲ. ಇವುಗಳ ತಿಂಗಳ ಸುದ್ದಿ ಬೇಕಾದರೆ ಸೇವಾ ವಲಯದ ಪಿಎಂಐ ನೋಡಬೇಕು. ಅದರಲ್ಲಿ ಮೇಲೆ ಹೇಳಿದಂಥ ಐದು ಭಾಗ ಇಲ್ಲ, ವ್ಯಾಪಾರ ಚಟುವಟಿಕೆ ಹೋದ ತಿಂಗಳಿಗಿಂತ ಹೇಗಿತ್ತು ಅನ್ನುವ ಒಂದೇ ಪ್ರಶ್ನೆಯ ಮೇಲೆ ತಲೆಬರಹದ ಅಂಕಿ ನಿಂತಿರುತ್ತದೆ. 2020ರ ಏಪ್ರಿಲ್‌ನಲ್ಲಿ ಅದು 5.4ಕ್ಕೆ ಇಳಿದಿತ್ತು. ಮೇಲಿನ ಓಣಿಯ ಲೆಕ್ಕ ಹಾಕಿ ನೋಡಿ: ಹತ್ತಕ್ಕೆ ಒಂಬತ್ತು ಕಡೆ "ಕಡಿಮೆಯಾಗಿದೆ" ಅಂತ ಬರೆದರೆ ಮಾತ್ರ ಅಷ್ಟು ಕೆಳಗೆ ಹೋಗುತ್ತದೆ. ಆ ತಿಂಗಳು ಬಾಗಿಲು ಹಾಕಿದ ದರ್ಶಿನಿ ಹೋಟೆಲುಗಳು, ನಿಂತ ಟ್ಯಾಕ್ಸಿಗಳು ನಮ್ಮೆಲ್ಲರ ಕಣ್ಣ ಮುಂದೆ ಇನ್ನೂ ಇವೆ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. 2021ರ ಏಪ್ರಿಲ್‌ನಲ್ಲಿ ಐಐಪಿ ಶೇ 134ರಷ್ಟು ಏರಿತು ಅಂತ ನೋಟ್ಸ್‌ನಲ್ಲಿದೆ. ಇದು ಪ್ರಿಂಟಿಂಗ್ ತಪ್ಪಾ? (ಧಾರವಾಡ)

ತಪ್ಪಲ್ಲ. ಆದರೆ ಈ ಅಂಕಿಯನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ. ಅದರ ಪಕ್ಕ ಇನ್ನು ಮೂರು ಅಂಕಿ ಬರೆದುಕೊಳ್ಳಿ. 2019ರ ಏಪ್ರಿಲ್‌ನಲ್ಲಿ ಸೂಚ್ಯಂಕ 126.5 ಇತ್ತು. 2020ರ ಏಪ್ರಿಲ್‌ನಲ್ಲಿ, ಎಲ್ಲ ಮುಚ್ಚಿದ್ದಾಗ, 54.0 ಆಯಿತು. 2021ರ ಏಪ್ರಿಲ್‌ನ ಮೊದಲ ಅಂದಾಜು 126.6.

54ರಿಂದ 126.6ಕ್ಕೆ ಹೋದರೆ ಶೇ 134 ಏರಿಕೆ, ಲೆಕ್ಕ ಸರಿಯಾಗಿದೆ. ಆದರೆ 2019ರ ಜೊತೆ ಇಟ್ಟು ನೋಡಿ. ಎರಡು ವರ್ಷದಲ್ಲಿ 126.5ರಿಂದ 126.6. ಅಂದರೆ ನಿಂತ ಜಾಗದಲ್ಲೇ ನಿಂತಿದ್ದೇವೆ. ಬಾವಿಗೆ ಬಿದ್ದವನು ಮೇಲೆ ಹತ್ತಿ ಬಂದ, ನೆಲದ ಮೇಲೆ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಇದನ್ನೇ ಆಧಾರದ ಪರಿಣಾಮ, ಬೇಸ್ ಎಫೆಕ್ಟ್ ಅನ್ನುವುದು. 2020ರ ಏಪ್ರಿಲ್‌ನ ಅಂಕಿ ಕೊಡುವಾಗ ಸರ್ಕಾರವೇ ಬೆಳವಣಿಗೆ ದರ ಕೊಡಲಿಲ್ಲ, ಇದನ್ನು ಹಿಂದಿನ ತಿಂಗಳುಗಳ ಜೊತೆ ಹೋಲಿಸುವುದು ಸರಿಯಲ್ಲ ಅಂತ ಬರೆದಿತ್ತು. ಅದು ಸರಿಯಾದ ನಡೆ ಅಂತ ನನ್ನ ಅಭಿಪ್ರಾಯ. ಶೇಕಡಾ ಕಂಡಾಗಲೆಲ್ಲ ಅದರ ಹಿಂದಿನ ಸೂಚ್ಯಂಕದ ಮಟ್ಟ ಎಷ್ಟು ಅಂತ ಹುಡುಕುವ ಅಭ್ಯಾಸ ಮಾಡಿಕೊಳ್ಳಿ. ಪರೀಕ್ಷೆಯಲ್ಲೂ ಅದನ್ನೇ ಬರೆಯಿರಿ.

ಪ್ರಶ್ನೆ: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಉತ್ಪಾದನೆಯನ್ನು ಹಿಂದಿನ ತಿಂಗಳ ಜೊತೆ ಹೋಲಿಸಿ ಹೇಳುತ್ತಾರೆ. ನಮ್ಮಲ್ಲಿ ಯಾಕೆ ಯಾವಾಗಲೂ ಹಿಂದಿನ ವರ್ಷದ ಜೊತೆ? (ಮೂಲತಃ ಹಾಸನದವರು)

ಎಲ್ಲ ಹಬ್ಬ ಮತ್ತು ಹಂಗಾಮಿನ ಕಥೆ. ಜರ್ಮನಿಯ ಸಾಂಖ್ಯಿಕ ಕಚೇರಿ ಹಂಗಾಮಿನ ಏರಿಳಿತ, ರಜೆ, ಕೆಲಸದ ದಿನಗಳ ವ್ಯತ್ಯಾಸ ಎಲ್ಲವನ್ನೂ ಲೆಕ್ಕದಿಂದ ತೆಗೆದು, ಆಮೇಲೆ ಹಿಂದಿನ ತಿಂಗಳ ಜೊತೆ ಹೋಲಿಸುತ್ತದೆ. ನಮ್ಮ ಐಐಪಿಯ ತಲೆಬರಹದ ಅಂಕಿಯಲ್ಲಿ ಆ ಸೋಸುವ ಕೆಲಸ ಆಗಿರುವುದಿಲ್ಲ. ಹಾಗೇ ಹಸಿ ಅಂಕಿ. ಹಸಿ ಅಂಕಿಯಲ್ಲಿ ಮಾರ್ಚಿಗೆ ಏಪ್ರಿಲ್ ಹೋಲಿಸಿದರೆ ಅನ್ಯಾಯ ಆಗುತ್ತದೆ. ಮಾರ್ಚಿನಲ್ಲಿ ವರ್ಷದ ಗುರಿ ಮುಟ್ಟಿಸಲು ಎಲ್ಲರೂ ಓಟಿ ಹಾಕಿ ದುಡಿದಿರುತ್ತಾರೆ. ಅದಕ್ಕೇ ಏಪ್ರಿಲ್‌ಗೆ ಹಿಂದಿನ ಏಪ್ರಿಲ್ ಜೋಡಿ.

ಆದರೆ ಇದೂ ಪೂರ್ತಿ ಕೆಲಸ ಮಾಡಲ್ಲ. ದೀಪಾವಳಿ ಒಂದು ವರ್ಷ ಅಕ್ಟೋಬರಿನಲ್ಲಿ, ಇನ್ನೊಂದು ವರ್ಷ ನವೆಂಬರಿನಲ್ಲಿ ಬರುತ್ತದೆ. ಹಬ್ಬದ ವಾರ ಕಾರ್ಖಾನೆಗಳು ನಿಲ್ಲುತ್ತವೆ, ಉತ್ತರದ ಕಡೆಯ ಕೆಲಸಗಾರರು ಊರಿಗೆ ಹೋಗುತ್ತಾರೆ. 2022ರಲ್ಲಿ ದೀಪಾವಳಿ ಅಕ್ಟೋಬರ್ 24ಕ್ಕೆ ಬಂತು. ಆ ಅಕ್ಟೋಬರಿನ ಐಐಪಿ, ಮೊದಲ ಅಂದಾಜಿನ ಪ್ರಕಾರ, ಶೇ 4ರಷ್ಟು ಇಳಿಯಿತು. 2023ರಲ್ಲಿ ಹಬ್ಬ ನವೆಂಬರ್ 12ಕ್ಕೆ. ಅಕ್ಟೋಬರ್ ಪೂರ್ತಿ ಕೆಲಸಕ್ಕೆ ಸಿಕ್ಕಿತು, ಬೆಳವಣಿಗೆ ಶೇ 11.7 ಅಂತ ಬಂತು. ಪತ್ರಿಕೆಗಳು ಕುಣಿದಾಡಿದವು. ಮುಂದಿನ ತಿಂಗಳು ನವೆಂಬರ್ ಅಂಕಿ ಶೇ 2.4. ದೇಶ ಒಂದೇ ತಿಂಗಳಲ್ಲಿ ಗಕ್ಕಂತ ನಿಂತುಬಿಟ್ಟಿತಾ? ಇಲ್ಲ. ಹಬ್ಬ ಆ ಕಡೆ ಸರಿದಿತ್ತು, ಅಷ್ಟೇ. ಅದಕ್ಕೇ ಅಕ್ಟೋಬರ್, ನವೆಂಬರ್ ಎರಡನ್ನೂ ಸೇರಿಸಿಯೇ ನೋಡಿ ಅಂತ ನಾನು ಪ್ರತಿ ವರ್ಷ ಹೇಳುತ್ತೇನೆ. ಅಧಿಕ ವರ್ಷದ ಫೆಬ್ರವರಿಯದ್ದೂ ಇದೇ ಪಾಡು. 2024ರಲ್ಲಿ 29 ದಿನ, 2025ರಲ್ಲಿ 28. ಒಂದು ದಿನ ಅಂದರೆ ತಿಂಗಳ ಶೇ ಮೂರೂವರೆ ಭಾಗ, ಇಷ್ಟು ದೊಡ್ಡ ದೇಶದ ಲೆಕ್ಕದಲ್ಲಿ ಅದು ಸಣ್ಣದಲ್ಲ. ಪಿಎಂಐಯಲ್ಲಿ ಈ ತೊಂದರೆ ಕಡಿಮೆ. ಅದನ್ನು ಹಂಗಾಮಿಗೆ ತಕ್ಕಂತೆ ಹೊಂದಿಸಿಯೇ ಕೊಡುತ್ತಾರೆ.

ಪ್ರಶ್ನೆ: ಒಂದು ಸಲ ಕೊಟ್ಟ ಅಂಕಿಯನ್ನು ಆಮೇಲೆ ಯಾಕೆ ಬದಲಾಯಿಸುತ್ತಾರೆ? ನನಗೆ ಅನುಮಾನ ಬರುತ್ತದೆ. (ಮುಧೋಳದ ಓದುಗರು)

ಮೊದಲು ಕೊಡುವುದು ತ್ವರಿತ ಅಂದಾಜು. ಕಾರ್ಖಾನೆಗಳ ಲೆಕ್ಕ ಎಲ್ಲ ಬಂದಿರುವುದಿಲ್ಲ, ಬಂದಷ್ಟರ ಮೇಲೆ ಅಂದಾಜು ಮಾಡುತ್ತಾರೆ. ಉಳಿದವು ಬಂದ ಮೇಲೆ ತಿದ್ದುತ್ತಾರೆ. 2025ರ ಏಪ್ರಿಲ್‌ವರೆಗೆ ಒಂದು ತಿಂಗಳ ಅಂಕಿ ಬರಲು ಆರು ವಾರ ಕಾಯಬೇಕಿತ್ತು, ಆಗಿನಿಂದ ಪ್ರತಿ ತಿಂಗಳು 28ಕ್ಕೇ ಬರುತ್ತಿದೆ. ಬೇಗ ಬೇಕು ಅಂದರೆ ತಿದ್ದುಪಡಿಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಆದರೆ ನಿಮ್ಮ ಅನುಮಾನ ಪೂರ್ತಿ ಸುಮ್ನೆ ಬಂದದ್ದಲ್ಲ. ನೀವು ಸಕ್ಕರೆ ಕಾರ್ಖಾನೆಗಳ ಊರಿನವರು, ಹಾಗಾಗಿ ಸಕ್ಕರೆಯದ್ದೇ ಕಥೆ ಹೇಳುತ್ತೇನೆ. 2012ರ ಜನವರಿ ತಿಂಗಳ ಐಐಪಿ ಮಾರ್ಚಿನಲ್ಲಿ ಬಂತು. ಬೆಳವಣಿಗೆ ಶೇ 6.8. ಎಲ್ಲರಿಗೂ ಖುಷಿ. ಏಪ್ರಿಲ್ 12ರಂದು ಅದೇ ಅಂಕಿಯನ್ನು ತಿದ್ದಿ ಶೇ 1.1 ಅಂದರು. ಆಗಿದ್ದು ಏನು ಅಂದರೆ, ಆ ತಿಂಗಳ ಸಕ್ಕರೆ ಉತ್ಪಾದನೆ 58.09 ಲಕ್ಷ ಟನ್. ಲೆಕ್ಕಕ್ಕೆ ಹೋಗಿದ್ದು 134.08 ಲಕ್ಷ ಟನ್. ಒಂದು ವಸ್ತು, ಒಂದು ಅಂಕಿ, ಇಡೀ ದೇಶದ ಕೈಗಾರಿಕಾ ಬೆಳವಣಿಗೆ ಆರು ಪಟ್ಟು ಉಬ್ಬಿ ಕಂಡಿತು. ಬಾಗಲಕೋಟೆ, ಬೆಳಗಾವಿ ಕಡೆಯ ಯಾವ ಕಬ್ಬು ಬೆಳೆಗಾರರನ್ನು ಕೇಳಿದ್ದರೂ ಹಂಗಾಮಿನ ನಡುವೆ ಒಂದೇ ತಿಂಗಳಲ್ಲಿ ಅಷ್ಟು ಸಕ್ಕರೆ ಸಾಧ್ಯವಿಲ್ಲ ಅಂತ ಹೇಳುತ್ತಿದ್ದರು. ರಿಸರ್ವ್ ಬ್ಯಾಂಕಿನ ಬಡ್ಡಿ ದರದ ಸಭೆಗೆ ಆಗ ಇನ್ನು ಐದೇ ದಿನ ಇತ್ತು. ತಿದ್ದುಪಡಿ ಅಷ್ಟರೊಳಗೆ ಬಂದದ್ದು ಪುಣ್ಯ.

ಒಂದೊಂದು ವಸ್ತು ಹೀಗೆ ಎಳೆದಾಡುವುದು ಬೇರೆ ಸಲವೂ ಆಗಿದೆ, ಎಲ್ಲ ಸಲವೂ ತಪ್ಪಿನಿಂದಲ್ಲ. ಹಿಂದಿನ 2004-05ರ ಸರಣಿಯಲ್ಲಿ ರಬ್ಬರ್ ಹೊದಿಸಿದ ಕೇಬಲ್ ಹೀಗೆ ಕಾಡಿತ್ತು. 2011-12ರ ಸರಣಿ ಬಂದ ಹೊಸತರಲ್ಲಿ ಗ್ಯಾಸ್ಟ್ರಿಕ್ ಮಾತ್ರೆಗಳ ಗುಂಪು ಸೂಚ್ಯಂಕವನ್ನು ಎತ್ತಿ ಎತ್ತಿ ಹಿಡಿದಿತ್ತು. ಆ ಸರಣಿಯಲ್ಲಿ ತಯಾರಿಕೆಯ 809 ವಸ್ತುಗಳನ್ನು 405 ಗುಂಪು ಮಾಡಿದ್ದಾರೆ. ಅಂಕಿ ಬಂದ ದಿನ ಯಾವ ಗುಂಪಿನ ಪಾಲು ಎಷ್ಟು ಅನ್ನುವುದನ್ನು ನೋಡಿದರೆ, ಏರಿಕೆ ಎಲ್ಲ ಕಡೆ ಆಗಿದೆಯೋ ಒಂದೆರಡು ಕಡೆ ಮಾತ್ರವೋ ಗೊತ್ತಾಗುತ್ತದೆ. 2011-12ರಲ್ಲಿ ಗೊತ್ತುಮಾಡಿದ ತೂಕಗಳು ಹಳೆಯದಾಗಿವೆ ಅನ್ನುವ ದೂರೂ ಸರಿಯಾದದ್ದೇ. ನಮ್ಮ ಮನೆಯಲ್ಲಿ ಆಗ ಇದ್ದ ಸಾಮಾನು, ಈಗಿನ ಸಾಮಾನು ಒಂದೇನಾ? 2022-23ನ್ನು ಆಧಾರ ಮಾಡಿಕೊಂಡು ಹೊಸ ಸರಣಿ ತರುವ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡಿದ್ದು ಇದಕ್ಕೇ.

ಪ್ರಶ್ನೆ: ಶೇರಿನಲ್ಲಿ ಸ್ವಲ್ಪ ದುಡ್ಡು ಹಾಕಿದ್ದೇನೆ. ತಿಂಗಳಿಡೀ ಏನೇನೋ ಅಂಕಿ ಬರುತ್ತಿರುತ್ತವೆ. ಯಾವುದನ್ನು ನೋಡಲಿ? (ಶಿವಮೊಗ್ಗದ ಗೃಹಿಣಿ)

ಬರುವ ಕ್ರಮ ಗೊತ್ತಿದ್ದರೆ ಸಾಕು. ತಿಂಗಳ ಮೊದಲ ಕೆಲಸದ ದಿನ ತಯಾರಿಕಾ ಪಿಎಂಐ, ಮೂರನೇ ಕೆಲಸದ ದಿನ ಸೇವಾ ಪಿಎಂಐ. ಸುಮಾರು 20ನೇ ತಾರೀಕಿಗೆ ಎಂಟು ಮೂಲ ಉದ್ಯಮಗಳ ಸೂಚ್ಯಂಕ. ಕಲ್ಲಿದ್ದಲು, ಕಚ್ಚಾ ತೈಲ, ನೈಸರ್ಗಿಕ ಅನಿಲ, ರಿಫೈನರಿ, ಗೊಬ್ಬರ, ಉಕ್ಕು, ಸಿಮೆಂಟ್, ವಿದ್ಯುತ್ ಇವೇ ಆ ಎಂಟು. 2011-12ರ ಸರಣಿಯಲ್ಲಿ ಐಐಪಿಯ ಶೇ 40.27 ತೂಕ ಇವುಗಳದ್ದೇ ಆದ್ದರಿಂದ, 28ಕ್ಕೆ ಬರುವ ಐಐಪಿ ಯಾವ ಕಡೆ ವಾಲುತ್ತದೆ ಅನ್ನುವ ಸುಳಿವು ಇಲ್ಲೇ ಸಿಗುತ್ತದೆ.

ಜಿಎಸ್‌ಟಿ ಸಂಗ್ರಹ ಹೆಚ್ಚಾಯಿತು ಅಂದರೆ ಉತ್ಪಾದನೆ ಹೆಚ್ಚಾಯಿತು ಅಂತ ಅಲ್ಲ ಮೇಡಂ. ಅದು ರೂಪಾಯಿ ಲೆಕ್ಕ, ಬೆಲೆ ಏರಿದರೂ ಏರುತ್ತದೆ. ಐಐಪಿ ಸಾಧ್ಯವಿದ್ದ ಕಡೆಯೆಲ್ಲ ಟನ್ನು, ಲೀಟರು, ಸಂಖ್ಯೆಯಲ್ಲಿ ಎಣಿಸುತ್ತದೆ. ರೂಪಾಯಿಯಲ್ಲಿ ಬಂದದ್ದನ್ನು ಬೆಲೆ ಏರಿಕೆ ಕಳೆದು ಸೇರಿಸಿಕೊಳ್ಳುತ್ತದೆ. ಒಂದು ತಿಂಗಳ ಅಂಕಿ ನೋಡಿ ಶೇರು ಕೊಳ್ಳುವುದು, ಮಾರುವುದು ಮಾಡಬೇಡಿ. ಮೂರು ತಿಂಗಳ ಅಂಕಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಪಕ್ಕದಲ್ಲಿ ಪಿಎಂಐ ಬರೆಯಿರಿ. ಎರಡೂ ಒಂದೇ ಕಡೆ ಹೋಗುತ್ತಿದ್ದರೆ ನಂಬಬಹುದು. ಬೇರೆ ಬೇರೆ ಕಡೆ ಎಳೆಯುತ್ತಿದ್ದರೆ ಇನ್ನೊಂದು ತಿಂಗಳು ಕಾಯಿರಿ.

ಪ್ರಶ್ನೆ: ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷ. ಸರ್ಕಾರಕ್ಕೆ ಕಳಿಸುವ ತಿಂಗಳ ಉತ್ಪಾದನೆಯ ರಿಟರ್ನ್ ತುಂಬುವುದು ನನ್ನ ಕೆಲಸ. ಪುರುಸೊತ್ತಿಲ್ಲದಿದ್ದರೆ ಹೋದ ತಿಂಗಳದ್ದನ್ನೇ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಹಾಕಿಬಿಡು, ಯಾರು ನೋಡುತ್ತಾರೆ ಅಂತ ಸೀನಿಯರ್ ಹೇಳುತ್ತಾರೆ. ನಿಜವಾಗಲೂ ಯಾರಾದರೂ ನೋಡುತ್ತಾರಾ? (ಹೆಸರು ಬೇಡ ಅಂದಿದ್ದಾರೆ)

ನಿಮ್ಮ ಪತ್ರ ಓದಿ ನನಗೆ ನಲವತ್ತು ವರ್ಷ ಹಿಂದಕ್ಕೆ ಹೋದ ಹಾಗಾಯಿತು. ನಾನೂ ಇಪ್ಪತ್ತರ ಹರೆಯದಲ್ಲಿ ಒಂದು ಫೌಂಡ್ರಿಯ ಪ್ರೊಡಕ್ಷನ್ ಆಫೀಸಿನಲ್ಲಿ ಇದೇ ಕೆಲಸ ಮಾಡಿದವನು. ತಿಂಗಳ ಕೊನೆಯ ದಿನ ಫರ್ನೇಸಿನ ಲಾಗ್ ಬುಕ್, ಶಿಫ್ಟ್ ರಿಪೋರ್ಟು, ಡಿಸ್ಪ್ಯಾಚ್ ರಿಜಿಸ್ಟರು ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದೆ. ಲಾಗ್ ಬುಕ್ಕಿನ ಹಾಳೆಗಳ ಮೇಲೆ ಕಪ್ಪು ಬೆರಳಚ್ಚು, ಒಂದೊಂದು ಅಂಕಿ ಒಂದೇ ಒಂದು ಸಲಕ್ಕೆ ಓದಲಿಕ್ಕೆ ಆಗುತ್ತಿರಲಿಲ್ಲ. ಮೊದಲ ತಿಂಗಳು ನಾನು ಕರಗಿಸಿದ ಲೋಹದ ತೂಕವನ್ನೇ ಉತ್ಪಾದನೆ ಅಂತ ಬರೆದುಬಿಟ್ಟಿದ್ದೆ. ನಮ್ಮ ಫೋರ್‌ಮನ್ ಅದನ್ನು ನೋಡಿ ನನ್ನನ್ನು ಶಾಪಿನೊಳಗೆ ಕರೆದುಕೊಂಡು ಹೋದರು. ಅಚ್ಚಿನಿಂದ ಬಿಚ್ಚಿದ ಕಾಸ್ಟಿಂಗಿಗೆ ಅಂಟಿಕೊಂಡಿದ್ದ ರನ್ನರ್, ರೈಸರ್ ತುಂಡುಗಳನ್ನು (ಲೋಹ ಹೊಯ್ಯುವಾಗ ಅಚ್ಚಿನ ದಾರಿಗಳಲ್ಲಿ ಉಳಿದು ಗಟ್ಟಿಯಾದ ಲೋಹ) ಸುತ್ತಿಗೆಯಲ್ಲಿ ಒಡೆದು ಪಕ್ಕಕ್ಕೆ ಹಾಕುತ್ತಿದ್ದರು. ರಿಜೆಕ್ಟ್ ಆದ ಪೀಸುಗಳ ರಾಶಿ ಇನ್ನೊಂದು ಕಡೆ. "ಇದೆಲ್ಲ ನಾಳೆ ಮತ್ತೆ ಫರ್ನೇಸಿಗೆ ಹೋಗುತ್ತೆ ಮರಿ. ನೀನು ಇದನ್ನು ಇವತ್ತೂ ಲೆಕ್ಕ ಹಾಕಿದರೆ, ನಾಳೆಯೂ ಹಾಕಿದರೆ, ಒಂದೇ ಕಬ್ಬಿಣ ಎರಡು ಸಲ ಹುಟ್ಟಿದ ಹಾಗಾಯಿತು" ಅಂದರು. ಅವತ್ತಿನಿಂದ ಗುಡ್ ಕಾಸ್ಟಿಂಗ್, ಅಂದರೆ ಪಾಸಾದ ಪೀಸುಗಳ ತೂಕ ಬಿಟ್ಟು ಬೇರೆ ಬರೆದಿಲ್ಲ.

ಇನ್ನೊಂದು, ಉತ್ಪಾದನೆ ಬೇರೆ, ಡಿಸ್ಪ್ಯಾಚ್ ಬೇರೆ. ಮಾಡಿ ಸ್ಟೋರ್‌ನಲ್ಲಿ ಇಟ್ಟದ್ದೂ ಉತ್ಪಾದನೆಯೇ. ಗಿರಾಕಿ ಒಯ್ಯಲಿಲ್ಲ ಅಂತ ಬಿಡಬೇಡಿ.

ಯಾರು ನೋಡುತ್ತಾರೆ ಅಂತ ಕೇಳಿದಿರಿ. ನಿಮ್ಮ ಫೌಂಡ್ರಿಯ ಹೆಸರಿನಲ್ಲಿ ಆ ಅಂಕಿ ಎಲ್ಲೂ ಅಚ್ಚಾಗುವುದಿಲ್ಲ, ಬೇರೆಯವರ ಅಂಕಿಯ ಜೊತೆ ಸೇರಿ ಒಂದು ಗುಂಪಿನ ಅಂಕಿ ಆಗುತ್ತದೆ. ಆದರೆ ಮೇಲೆ ಪೀಣ್ಯದ ಆ ಲೇತ್ ವರ್ಕ್‌ಶಾಪಿನವರು ನನಗೆ ಬಾಗಿಲು ಮುಚ್ಚಲೋ ಇನ್ನೂ ಆರು ತಿಂಗಳು ತಡೆಯಲೋ ಅನ್ನುವ ಹಾಗೆ ಕೇಳಿದ್ದಾರಲ್ಲ, ನಾನು ಅವರಿಗೆ ನೋಡಿ ಅಂತ ಹೇಳಿದ ಸಾಲುಗಳು ನಿಮ್ಮಂಥವರು ತುಂಬಿದ ಅಂಕಿಯಿಂದಲೇ ಆಗಿರುತ್ತವೆ. ಹೋದ ತಿಂಗಳದ್ದನ್ನೇ ನೂರು ಕಾರ್ಖಾನೆಯವರು ಹಾಕಿದರೆ, ಮಂದಿ ಕೆಲಸ ಕಳೆದುಕೊಳ್ಳುತ್ತಿರುವ ತಿಂಗಳೂ ಎಲ್ಲ ಸರಿಯಾಗಿದೆ ಅಂತ ಕಾಣುತ್ತದೆ.

ಅದಕ್ಕೇ ಹೀಗೆ ಮಾಡಿ. ಫರ್ನೇಸ್ ಹತ್ತು ದಿನ ನಿಂತಿದ್ದರೆ ಅದಕ್ಕೆ ತಕ್ಕ ಅಂಕಿಯನ್ನೇ ಹಾಕಿ. ಷರಾ ಬರೆಯಲು ಜಾಗ ಇದ್ದರೆ ಲೈನಿಂಗ್ ರಿಪೇರಿನಾ, ಕರೆಂಟಾ, ಆರ್ಡರ್ ಇಲ್ಲವಾ ಅಂತ ಕಾರಣ ಬರೆಯಿರಿ. ಕಿಲೋ ಕಾಲಮ್ಮೋ ಟನ್ ಕಾಲಮ್ಮೋ ಎರಡು ಸಲ ನೋಡಿ. ಆಮೇಲೆ ತಪ್ಪು ಗೊತ್ತಾದರೆ ಮುಚ್ಚಿಡಬೇಡಿ, ತಿದ್ದಿದ ಲೆಕ್ಕ ಕಳಿಸಿ. ಸೀನಿಯರ್ ಜೊತೆ ಜಗಳ ಬೇಡ. ಲಾಗ್ ಬುಕ್ ಅವರ ಮುಂದೆ ತೆರೆದಿಟ್ಟು, "ಸರ್, ಇದರಲ್ಲಿ ಇಷ್ಟಿದೆ, ಇಷ್ಟೇ ಹಾಕಲಾ?" ಅಂತ ಕೇಳಿ. ಬೇಡ ಅನ್ನಲಿಕ್ಕೆ ಅವರಿಗೂ ಬಾಯಿ ಬರಲಿಕ್ಕಿಲ್ಲ.